ಹಿಮವೋ ಮಳೆಯೋ: ಗಡಿನಾಡಿನ ಹವಾವೀಕ್ಷಕರಿಂದ ಕಲಿಯತಕ್ಕದ್ದು

ಆಕಾಶವನ್ನು ನೋಡದೆ ಬೇಸಾಯ ಮಾಡುವವನು ಯಾವ ದೇಶದಲ್ಲಿಯೂ ಇಲ್ಲ. ನಮ್ಮ ನಾಡಿನ ರೈತನು ರೋಹಿಣಿ, ಮೃಗಶಿರೆ, ಆರಿದ್ರೆ ಎಂದು ಮಳೆಯ ನಕ್ಷತ್ರಗಳನ್ನು ಎಣಿಸುತ್ತ, ಮೋಡದ ಬಣ್ಣವನ್ನೂ ಗಾಳಿಯ ದಿಕ್ಕನ್ನೂ ನೋಡಿಕೊಂಡು ಕೂರಿಗೆಯನ್ನು ಹೂಡುವಂತೆಯೇ, ಇತರ ದೇಶಗಳ ಒಕ್ಕಲಿಗರೂ ತಮ್ಮ ತಮ್ಮ ಋತುಧರ್ಮಕ್ಕೆ ತಕ್ಕಂತೆ ಆಕಾಶವನ್ನು ಓದುತ್ತಾರೆ. ಅಮೆರಿಕ ಸಂಯುಕ್ತ ಸಂಸ್ಥಾನಗಳ ಪೂರ್ವ ಕರಾವಳಿಗೆ ಸೇರಿದ ವರ್ಜೀನಿಯ ಪ್ರಾಂತದಲ್ಲಿ ಚಳಿಗಾಲ ಬಂದಿತೆಂದರೆ ಜನರು ಕೇಳುವ ಪ್ರಶ್ನೆ ಒಂದೇ: ಬರುತ್ತಿರುವ ಮೋಡವು ಹಿಮವನ್ನು ಸುರಿಸುವುದೋ, ಬರಿಯ ಮಳೆಯನ್ನು ಸುರಿಸುವುದೋ? ಹಿಮವನ್ನೇ ಕಾಣದ ನಮಗೆ ಈ ಪ್ರಶ್ನೆಯಿಂದ ಏನು ಪ್ರಯೋಜನವೆಂದು ವಾಚಕರು ಕೇಳಬಹುದು. ಪ್ರಯೋಜನವು ಹಿಮದಲ್ಲಿಲ್ಲ, ಆ ಪ್ರಶ್ನೆಗೆ ಉತ್ತರವನ್ನು ಹುಡುಕಲು ಅಲ್ಲಿನ ಊರೂರಿನ ಸಾಮಾನ್ಯ ಜನರು ಅನುಸರಿಸಿಕೊಂಡು ಬಂದಿರುವ ಕ್ರಮದಲ್ಲಿದೆ. ಆ ಕ್ರಮವನ್ನು ವಿವರಿಸಿ, ಅದರ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಗ್ರಾಮದ ಮುಖಂಡರ ಮತ್ತು ಜಮೀನುದಾರರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಆ ಪ್ರದೇಶದ ಸ್ವರೂಪವನ್ನು ತಿಳಿಯಬೇಕು. ವರ್ಜೀನಿಯಕ್ಕೆ ಪೂರ್ವದಲ್ಲಿ ಅಟ್ಲಾಂಟಿಕ್ ಮಹಾಸಾಗರವಿದೆ. ಅದರಲ್ಲಿ ಗಲ್ಫ್ ಸ್ಟ್ರೀಮ್ ಎಂಬ ಬೆಚ್ಚನೆಯ ಪ್ರವಾಹವು ಉತ್ತರಾಭಿಮುಖವಾಗಿ ಹರಿಯುತ್ತದೆ. ಪಶ್ಚಿಮದಲ್ಲಿ ಅಪಲೇಷಿಯನ್ ಪರ್ವತಶ್ರೇಣಿಗೆ ಸೇರಿದ ಬ್ಲೂ ರಿಡ್ಜ್ ಎಂಬ ಬೆಟ್ಟಸಾಲು ಗೋಡೆಯಂತೆ ನಿಂತಿದೆ. ಎರಡರ ನಡುವೆ ಪೀಡ್ಮಾಂಟ್ ಎಂಬ ಏರುತಗ್ಗಿನ ಸಾಗುವಳಿ ಭೂಮಿಯುಂಟು. ಇಲ್ಲಿಂದ ಬಹು ಉತ್ತರಕ್ಕೆ ಹೋದರೆ ಚಳಿಗಾಲದ ಮೋಡವೆಂದರೆ ಪ್ರಾಯಶಃ ಹಿಮವೇ. ಬಹು ದಕ್ಷಿಣಕ್ಕೆ ಹೋದರೆ ಪ್ರಾಯಶಃ ಮಳೆಯೇ. ವರ್ಜೀನಿಯವಾದರೋ ಎರಡರ ಗಡಿಯ ಮೇಲಿದೆ. ಗಡಿಯಲ್ಲಿರುವ ಹೊಲಕ್ಕೆ ತಂಟೆ ಹೆಚ್ಚೆಂಬುದನ್ನು ಜಮೀನುದಾರರಿಗೆ ನಾವು ಹೇಳಬೇಕಾಗಿಲ್ಲ. ಒಂದೇ ಮೋಡವು ಬೆಟ್ಟದ ತಪ್ಪಲಿನ ಊರಿಗೆ ಒಂದು ಅಡಿ ಹಿಮವನ್ನು ಕೊಟ್ಟು, ಅಲ್ಲಿಂದ ಕೆಲವೇ ಹರದಾರಿ ಪೂರ್ವದ ಊರನ್ನು ಬರಿಯ ನೀರಿನಿಂದ ತೋಯಿಸಿ ಹೋಗುವುದು ಅಲ್ಲಿ ಅಪರೂಪವಲ್ಲ.

ಇದು ಕುತೂಹಲದ ವಿಷಯ ಮಾತ್ರವಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಬೇಸಾಯಗಾರನ ಲಾಭನಷ್ಟವು ಇದರಲ್ಲಿ ಅಡಗಿದೆ. ಚಳಿಗಾಲದ ಗೋಧಿಯ ಎಳೆಯ ಪೈರಿಗೆ ಹಿಮವು ಕಂಬಳಿಯಂತೆ. ಅದು ಮುಚ್ಚಿರುವಾಗ ಮೇಲಿನ ಕಡು ಚಳಿ ಬೇರಿಗೆ ಅಷ್ಟಾಗಿ ತಟ್ಟದು. ಅದೇ ನೀರು ಮಳೆಯಾಗಿ ಬಿದ್ದು ತಣ್ಣನೆಯ ಕೊಂಬೆಯ ಮೇಲೆ ಹೆಪ್ಪುಗಟ್ಟಿದರೆ ಹಣ್ಣಿನ ಮರಗಳ ರೆಂಬೆಗಳು ಮುರಿದು ಬೀಳುತ್ತವೆ. ಇನ್ನು ಹಿಮದ ಭಾರವನ್ನು ನೋಡಿರಿ. ಸಾಮಾನ್ಯವಾಗಿ ೧೦ ಅಂಗುಲ ಹಿಮವು ಕರಗಿದರೆ ೧ ಅಂಗುಲ ನೀರಾಗುವುದೆಂದು ಲೆಕ್ಕ ಹಿಡಿಯುವುದುಂಟು. ಕಡು ಚಳಿಯ ಒಣಹಿಮವಾದರೆ ೨೦ ಅಂಗುಲಕ್ಕೆ ಒಂದಂಗುಲ; ಗಡಿಯ ಹವೆಯಲ್ಲಿ ಬೀಳುವ ಒದ್ದೆಹಿಮವಾದರೆ ೫ ಅಂಗುಲಕ್ಕೇ ಒಂದಂಗುಲ ನೀರಾಗಬಹುದು. ಒಂದಂಗುಲ ನೀರು ಒಂದು ಚದರಡಿಯ ಮೇಲೆ ಸುಮಾರು ೫.೨ ಪೌಂಡ್ ತೂಗುತ್ತದೆ. ಆದಕಾರಣ ಛಾವಣಿಯ ಮೇಲೆ ೧೦ ಅಂಗುಲ ಒಣಹಿಮವಿದ್ದರೆ ಚದರಡಿಗೆ ಎರಡೂವರೆ ಪೌಂಡಿಗಿಂತ ಸ್ವಲ್ಪ ಹೆಚ್ಚು ಭಾರ. ೧೦ ಅಂಗುಲ ಒದ್ದೆಹಿಮವಿದ್ದರೆ ಹತ್ತು ಪೌಂಡಿಗೂ ಹೆಚ್ಚು. ಕಣ್ಣಿಗೆ ಎರಡೂ ಒಂದೇ ಎತ್ತರ, ತೊಲೆಗೆ ಬೀಳುವ ಹೊರೆಯಲ್ಲಿ ನಾಲ್ಕರಷ್ಟು ವ್ಯತ್ಯಾಸ. ಷೆನಂಡೋವಾ ಕಣಿವೆಯಲ್ಲಿ ಉದ್ದುದ್ದವಾದ ಕೋಳಿಮನೆಗಳನ್ನು ಕಟ್ಟಿಕೊಂಡಿರುವ ರೈತನಿಗೆ ಹಿಮ ಬರುವುದೇ ಎಂಬುದರ ಜೊತೆಗೆ ಎಂತಹ ಹಿಮ ಬರುವುದೆಂಬುದೂ ಏತಕ್ಕೆ ಮುಖ್ಯವೆಂಬುದು ಇದರಿಂದ ಸ್ಪಷ್ಟವಾಗುವುದು.

ಹಾಗಾದರೆ ಅದು ನಿರ್ಣಯವಾಗುವುದು ಹೇಗೆ? ನೀರು ಹೆಪ್ಪುಗಟ್ಟುವ ಬಿಂದು ೩೨ ಡಿಗ್ರಿ ಫ್ಯಾರನ್‌ಹೀಟ್ ಎಂಬುದು ಶಾಲೆಯ ಹುಡುಗರಿಗೂ ಗೊತ್ತು. ಉಷ್ಣಮಾಪಕವು ೩೬ ಡಿಗ್ರಿಯನ್ನು ತೋರಿಸಿದರೆ ಮಳೆಯೇ ಬರುವುದೆಂದು ಹೊಸಬನು ಹೇಳಿಬಿಡುತ್ತಾನೆ. ಅನುಭವಸ್ಥನಾದ ವೀಕ್ಷಕನು ಹಾಗೆ ಹೇಳುವುದಿಲ್ಲ. ಗಾಳಿ ಒಣಗಿದೆಯೋ ಒದ್ದೆಯಾಗಿದೆಯೋ ಎಂದು ಅವನು ಮೊದಲು ವಿಚಾರಿಸುತ್ತಾನೆ. ನಮ್ಮ ಮನೆಗಳಲ್ಲಿ ಬೇಸಗೆಯ ದಿನ ಮಣ್ಣಿನ ಹೂಜಿಯಲ್ಲಿಟ್ಟ ನೀರು ತಣ್ಣಗಾಗುವುದಷ್ಟೆ? ಹೂಜಿಯ ಮೈಯಿಂದ ಒಸರಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಆಕಾಶದಲ್ಲಿ ನಡೆಯುವುದೂ ಇದೇ. ಒಣಗಾಳಿಯ ಮೂಲಕ ಹನಿಯಾಗಲಿ ಹಿಮದ ಎಸಳಾಗಲಿ ಬೀಳುವಾಗ ಅದರ ಒಂದಂಶ ಆವಿಯಾಗಿ ಗಾಳಿಯನ್ನು ತಣಿಸುತ್ತದೆ. ಉಷ್ಣಮಾಪಕದ ಗುಂಡಿಗೆ ಒದ್ದೆಬಟ್ಟೆಯನ್ನು ಸುತ್ತಿ ಗಾಳಿಯಾಡಿಸಿ ನೋಡಿದರೆ ಹವೆಯು ಎಷ್ಟರವರೆಗೆ ತಣಿಯಬಲ್ಲದೆಂಬುದು ಮುಂಚಿತವಾಗಿಯೇ ತಿಳಿಯುತ್ತದೆ. ಒಣಗುಂಡು ೩೬ ಡಿಗ್ರಿಯಲ್ಲಿದ್ದು ಒದ್ದೆಗುಂಡು ೩೧ಕ್ಕೆ ಇಳಿದರೆ ಹಿಮಕ್ಕೆ ಅವಕಾಶವುಂಟು. ಎರಡೂ ೩೬ರಲ್ಲಿಯೇ ನಿಂತರೆ ಮಳೆಯೆಂದೇ ಎಣಿಸಬಹುದು.

ಎರಡನೆಯ ಸಂಗತಿ ಬೆಟ್ಟದ್ದು. ಉತ್ತರದಲ್ಲಿ ತಣ್ಣನೆಯ ಭಾರವಾದ ಗಾಳಿ ಶೇಖರವಾಗಿದ್ದಾಗ ಅದು ಈಶಾನ್ಯದಿಂದ ಇಳಿದು ಬಂದು ಬ್ಲೂ ರಿಡ್ಜಿನ ಪೂರ್ವದ ಮಗ್ಗುಲಿಗೆ ಒತ್ತಿ ನಿಲ್ಲುತ್ತದೆ. ಬದುವಿಗೆ ಅಡ್ಡಲಾಗಿ ನೀರು ಕಟ್ಟಿದಂತೆ. ದಕ್ಷಿಣದಿಂದಲೂ ಸಮುದ್ರದಿಂದಲೂ ಬರುವ ಬೆಚ್ಚನೆಯ ತೇವದ ಗಾಳಿಯು ಹಗುರವಾದ್ದರಿಂದ ಆ ತಂಪಿನ ಮೇಲೆ ಏರಿ ಹರಿಯುತ್ತದೆ. ಆಗ ನೆಲದ ಬಳಿ ಚಳಿ, ನಡುವೆ ಬೆಚ್ಚನೆಯ ಪದರ, ಅದರ ಮೇಲೆ ಪುನಃ ಚಳಿ, ಹೀಗೆ ಮೂರು ಅಂತಸ್ತಾಗುವುದು. ಮೇಲೆ ಹುಟ್ಟಿದ ಹಿಮವು ನಡುವಣ ಪದರದಲ್ಲಿ ಕರಗದೆ ಉಳಿದರೆ ಹಿಮವಾಗಿಯೇ ಬೀಳುವುದು. ಕರಗಿ, ಕೆಳಗಿನ ದಪ್ಪವಾದ ಚಳಿಯಲ್ಲಿ ಮತ್ತೆ ಗಟ್ಟಿಯಾದರೆ ಮಂಜುಗಡ್ಡೆಯ ಕಾಳಾಗಿ ಬೀಳುವುದು. ಕೆಳಗಿನ ಚಳಿಯ ಪದರವು ತೆಳುವಾಗಿದ್ದರೆ ನೀರಾಗಿಯೇ ಬಂದು ನೆಲವನ್ನು ಮುಟ್ಟಿದ ಮೇಲೆ ಹೆಪ್ಪುಗಟ್ಟುವುದು. ಕೆಳಗೂ ಬೆಚ್ಚಗಿದ್ದರೆ ಬರಿಯ ಮಳೆ. ಒಂದೇ ದಿನದಲ್ಲಿ ಈ ನಾಲ್ಕನ್ನೂ ಕಾಣುವ ಊರುಗಳುಂಟು.

ಮೂರನೆಯದು ಸುರಿತದ ರಭಸ. ಹಿಮವು ಕರಗುವಾಗ ಸುತ್ತಲಿನ ಗಾಳಿಯಿಂದ ಶಾಖವನ್ನು ತೆಗೆದುಕೊಳ್ಳುತ್ತದೆ. ಧಾರಾಳವಾಗಿ ಸುರಿದರೆ ಕರಗುತ್ತ ಕರಗುತ್ತಲೇ ಕೆಳಗಿನ ಹವೆಯನ್ನು ಹೆಪ್ಪುಬಿಂದುವಿನವರೆಗೆ ಇಳಿಸಿ, ಮಳೆಯು ಹಿಮವಾಗಿ ಮಾರ್ಪಡುವಂತೆ ಮಾಡುತ್ತದೆ. ಮೆಲ್ಲನೆ ಜಿನುಗಿದರೆ ಆ ಶಕ್ತಿ ಸಾಲದೆ ಮಳೆಯಾಗಿಯೇ ಉಳಿಯುತ್ತದೆ. ಹೀಗೆ ಗಡಿಯ ಹವೆಯಲ್ಲಿ ಒಂದೆರಡು ಡಿಗ್ರಿಯ ಭೇದವು ಎಲ್ಲವನ್ನೂ ತಲೆಕೆಳಗು ಮಾಡುತ್ತದೆ.

ಇಂತಹ ಅನಿಶ್ಚಯದಲ್ಲಿ ಜನರು ಶಕುನಗಳನ್ನು ಹುಡುಕುವುದು ಸಹಜ. ಆಗಸ್ಟ್ ತಿಂಗಳಿನಲ್ಲಿ ಎಷ್ಟು ದಿನ ಬೆಳಗ್ಗೆ ಮಂಜು ಮುಸುಕಿತೋ ಚಳಿಗಾಲದಲ್ಲಿ ಅಷ್ಟು ಸಲ ಹಿಮ ಬೀಳುವುದೆಂದು ಆ ಸೀಮೆಯ ಹಿರಿಯರು ಹೇಳುತ್ತಾರೆ. ಪರ್ಸಿಮನ್ ಹಣ್ಣಿನ ಬೀಜವನ್ನು ಸೀಳಿದಾಗ ಒಳಗೆ ಚಮಚದ ಆಕಾರ ಕಂಡರೆ ಗುದ್ದಲಿಯಿಂದ ಎತ್ತುವಷ್ಟು ಹಿಮವೆಂದೂ, ಚಾಕುವಿನ ಆಕಾರ ಕಂಡರೆ ಕೊಯ್ಯುವಂತಹ ಚಳಿಯೆಂದೂ ಎಣಿಕೆ. ಕಂಬಳಿಹುಳುವಿನ ಮೈಮೇಲೆ ಕಪ್ಪು ಪಟ್ಟೆ ಹೆಚ್ಚಾಗಿದ್ದರೆ ಕಠಿಣವಾದ ಚಳಿಗಾಲವೆಂಬುದು ಇನ್ನೊಂದು ನಂಬಿಕೆ. ಆ ಹುಳುವಿನ ಬಣ್ಣವು ಅದರ ವಯಸ್ಸನ್ನೂ ಕಳೆದುಹೋದ ಋತುವಿನ ಸ್ಥಿತಿಯನ್ನೂ ತಿಳಿಸಬಲ್ಲದೇ ಹೊರತು ಮುಂದೆ ಬರುವುದನ್ನು ತಿಳಿಸಲಾರದೆಂದು ಕೀಟಶಾಸ್ತ್ರಜ್ಞರ ಅಭಿಪ್ರಾಯ. ನಾವು ಈ ಹೇಳಿಕೆಗಳನ್ನು ಹಾಸ್ಯ ಮಾಡುವುದಿಲ್ಲ. ಋತುವನ್ನು ಗಮನಿಸುವ ಅಭ್ಯಾಸವನ್ನು ಇವು ಜನರಲ್ಲಿ ಉಳಿಸಿವೆ. ಆದರೆ ಇವುಗಳಿಗೆ ಒಂದು ದೊಡ್ಡ ಕೊರತೆಯುಂಟು: ಫಲಿಸಿದ ವರ್ಷವನ್ನು ಎಲ್ಲರೂ ನೆನೆಯುತ್ತಾರೆ, ಫಲಿಸದ ವರ್ಷವನ್ನು ಯಾರೂ ಬರೆದಿಡುವುದಿಲ್ಲ.

ಬರೆದಿಡುವ ಪದ್ಧತಿಯನ್ನು ಆ ಪ್ರಾಂತದಲ್ಲಿ ರೂಢಿಗೆ ತಂದವರಲ್ಲಿ ಜಮೀನುದಾರರೇ ಮುಂದಾಳುಗಳು ಎಂಬುದನ್ನು ನಮ್ಮ ವಾಚಕರು ವಿಶೇಷವಾಗಿ ಗಮನಿಸಬೇಕು. ಅಮೆರಿಕದ ಮೊದಲನೆಯ ಅಧ್ಯಕ್ಷರಾದ ಜಾರ್ಜ್ ವಾಷಿಂಗ್ಟನ್ನರು ಪಟಾಮಕ್ ನದಿಯ ದಡದ ಮೌಂಟ್ ವರ್ನನ್ನಿನಲ್ಲಿ ಐದು ಜಮೀನುಗಳ ಒಡೆಯರಾಗಿದ್ದರು. ಮೂರನೆಯ ಅಧ್ಯಕ್ಷರಾದ ಥಾಮಸ್ ಜೆಫರ್ಸನ್ನರಿಗೆ ಮಾಂಟಿಸೆಲ್ಲೋ ಎಂಬ ಗುಡ್ಡದ ಮೇಲೆ ಮನೆಯೂ ಸುತ್ತ ಸಾಗುವಳಿಯೂ ಇದ್ದವು. ಇಬ್ಬರ ಹೊಲಗಳಲ್ಲಿಯೂ ದುಡಿದವರು ಗುಲಾಮರೆಂಬುದನ್ನು ಮರೆಯತಕ್ಕದ್ದಲ್ಲ. ಆ ಅನ್ಯಾಯವು ಅವರ ಕೀರ್ತಿಗೆ ಅಂಟಿದ ಕಲೆ. ಆದರೆ ಹವೆಯನ್ನು ದಿನಚರಿಯಲ್ಲಿ ದಾಖಲೆ ಮಾಡುವುದರಲ್ಲಿ ಇಬ್ಬರೂ ಶ್ರದ್ಧಾವಂತರು. ೧೭೭೨ನೆಯ ಇಸವಿಯ ಜನವರಿಯಲ್ಲಿ ಬಿದ್ದ ಮಹಾಹಿಮವು ಸುಮಾರು ಮೂರಡಿ ಆಳವಾಗಿತ್ತೆಂದು ನಾವು ಇಂದಿಗೂ ಹೇಳಬಲ್ಲೆವಾದರೆ ಅದಕ್ಕೆ ಈ ಇಬ್ಬರೂ ತಮ್ಮ ತಮ್ಮ ಊರಿನಲ್ಲಿ ಬರೆದಿಟ್ಟದ್ದೇ ಆಧಾರ. ೧೭೯೯ನೆಯ ಇಸವಿ ಡಿಸೆಂಬರ್ ೧೨ರಂದು ವಾಷಿಂಗ್ಟನ್ನರು ಕುದುರೆಯೇರಿ ಹಲವು ಗಂಟೆಗಳ ಕಾಲ ತಮ್ಮ ಹೊಲಗಳನ್ನು ಸುತ್ತಿದರು. ಆ ದಿನ ಹಿಮ, ಮಂಜುಗಡ್ಡೆಯ ಕಾಳು, ತಣ್ಣನೆಯ ಮಳೆ ಒಂದರ ಮೇಲೊಂದು ಸುರಿದವು. ನಾವು ಮೇಲೆ ವರ್ಣಿಸಿದ ಗಡಿಯ ಹವೆಯೇ ಅದು. ಮರುದಿನ ಸುಮಾರು ಮೂರು ಅಂಗುಲ ಹಿಮ ನಿಂತಿತ್ತೆಂದೂ, ಗಾಳಿ ಈಶಾನ್ಯದಿಂದ ಬೀಸುತ್ತಿತ್ತೆಂದೂ, ಉಷ್ಣಮಾಪಕವು ಎಷ್ಟಿತ್ತೆಂದೂ ಅವರು ಬರೆದರು. ೧೪ನೆಯ ತಾರೀಖಿನ ರಾತ್ರಿ ಕಂಠರೋಗದಿಂದ ತೀರಿಕೊಂಡರು. ಅವರ ದಿನಚರಿಯ ಕೊನೆಯ ಬರಹವು ಹವೆಯ ಲೆಕ್ಕವೇ ಆಗಿದೆ.

ಮುಂದೆ ೧೮೪೯ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯು ದೇಶದ ನಾನಾ ಕಡೆಗಳ ಸ್ವಯಂಸೇವಕರಿಂದ ಹವೆಯ ವರದಿಗಳನ್ನು ತರಿಸಲು ಪ್ರಾರಂಭಿಸಿತು. ೧೮೯೦ರ ಶಾಸನದ ಮೇರೆಗೆ ಹವಾಮಾನದ ಕಚೇರಿಯನ್ನು ಸೈನ್ಯದಿಂದ ಬಿಡಿಸಿ ವ್ಯವಸಾಯದ ಇಲಾಖೆಗೆ ವಹಿಸಲಾಯಿತು; ೧೯೪೦ರವರೆಗೆ ಅದು ಆ ಇಲಾಖೆಯಲ್ಲಿಯೇ ಇತ್ತು. ಆ ಶಾಸನದಿಂದ ಬೆಳೆದ ಸಹಕಾರಿ ವೀಕ್ಷಕರ ಮಂಡಲವು ಇಂದಿಗೂ ನಡೆಯುತ್ತಿದೆ. ರೈತರು, ಉಪಾಧ್ಯಾಯರು, ಅಂಗಡಿಯವರು ಮುಂತಾದ ಸಾವಿರಾರು ಮಂದಿ ದಿನವೂ ಗೊತ್ತಾದ ಹೊತ್ತಿಗೆ ಮಳೆಯನ್ನೂ ಹಿಮವನ್ನೂ ಅಳೆದು ಕಳುಹಿಸುತ್ತಾರೆ. ಹಿಮಕ್ಕೆ ಬಿಳಿಯ ಹಲಗೆಯೊಂದನ್ನು ಬಯಲಿನಲ್ಲಿಟ್ಟು, ಅದರ ಮೇಲೆ ನಿಂತದ್ದನ್ನು ಅಂಗುಲದ ಹತ್ತನೆಯ ಒಂದು ಭಾಗದವರೆಗೂ ಅಳೆದು, ಬಳಿಕ ಕರಗಿಸಿ ನೀರಿನ ಲೆಕ್ಕವನ್ನೂ ಬರೆಯುತ್ತಾರೆ. ನಾಲ್ಕು ಎಸಳು ಹಾರಿ ನೆಲದಲ್ಲಿ ನಿಲ್ಲದೆ ಹೋದರೆ ಅದಕ್ಕೂ ‘ಲೇಶ’ ಎಂದು ಬೇರೆ ಗುರುತುಂಟು. ಕೊಲೊರಾಡೋ ಪ್ರಾಂತದಲ್ಲಿ ೧೯೯೭ರ ಪ್ರವಾಹದ ತರುವಾಯ ೧೯೯೮ರಲ್ಲಿ ಹುಟ್ಟಿ, ಈಗ ಇಡೀ ದೇಶಕ್ಕೆ ಹರಡಿರುವ ಮತ್ತೊಂದು ಸ್ವಯಂಸೇವಕ ಮಂಡಲವು ಏನೂ ಬೀಳದ ದಿನ ಸೊನ್ನೆಯನ್ನು ತಪ್ಪದೆ ಬರೆಯಬೇಕೆಂದು ಒತ್ತಿ ಹೇಳುತ್ತದೆ. ಇದು ಸಣ್ಣ ಮಾತಲ್ಲ. ಪುಸ್ತಕದಲ್ಲಿ ಖಾಲಿ ಬಿಟ್ಟ ದಿನವು ಮಳೆಯಿಲ್ಲದ ದಿನವೋ, ವೀಕ್ಷಕನು ಮಲಗಿದ್ದ ದಿನವೋ ಯಾರಿಗೆ ಗೊತ್ತು? ಬರೆದ ಸೊನ್ನೆಯು ಸಾಕ್ಷಿ. ಬರೆಯದ ಸೊನ್ನೆಯು ಸಂಶಯ.

ಈಗಿನ ಕಾಲದಲ್ಲಿ ಉಪಗ್ರಹಗಳೂ ರೇಡಾರ್‌ಗಳೂ ಗಣಕಯಂತ್ರಗಳೂ ಇರುವಾಗ ಊರಿನ ವೀಕ್ಷಕನು ಏತಕ್ಕೆ ಬೇಕೆಂಬ ಆಕ್ಷೇಪಣೆ ಬರಬಹುದು. ಯಂತ್ರಗಳ ಮುನ್ಸೂಚನೆಯು ಹಿಂದಿಗಿಂತ ಬಹಳ ಸುಧಾರಿಸಿದೆಯೆಂಬುದು ನಿಜ. ಆದರೆ ರೇಡಾರಿನ ಕಿರಣವು ದೂರ ಹೋದಂತೆಲ್ಲ ನೆಲದಿಂದ ಮೇಲೆ ಮೇಲೆ ಹಾಯುತ್ತದೆ. ಹಿಮವೋ ಮಳೆಯೋ ಎಂಬುದು ನಿರ್ಣಯವಾಗುವುದು ಎಷ್ಟೋ ವೇಳೆ ನೆಲಕ್ಕೆ ಹತ್ತಿರದ ಕೆಲವು ನೂರು ಅಡಿಗಳಲ್ಲಿ. ಯಂತ್ರಗಳೂ ಗಡಿಯಲ್ಲಿ ಎಡವಿದ ದೃಷ್ಟಾಂತಗಳುಂಟು. ೨೦೦೦ದ ಜನವರಿ ೨೪, ೨೫ರಲ್ಲಿ ವರ್ಜೀನಿಯಕ್ಕೆ ದಕ್ಷಿಣದ ಉತ್ತರ ಕ್ಯಾರೊಲೈನ ಪ್ರಾಂತದ ರಾಲಿ ನಗರದಲ್ಲಿ ಅಲ್ಪ ಹಿಮವನ್ನು ನಿರೀಕ್ಷಿಸಿದ್ದಾಗ ೨೦.೩ ಅಂಗುಲ ಬಿದ್ದಿತು. ೨೦೧೩ರ ಮಾರ್ಚಿ ೬ರಂದು ಇದಕ್ಕೆ ವಿರುದ್ಧವಾಯಿತು. ವರ್ಜೀನಿಯದ ಗಡಿಗೆ ಅಂಟಿಕೊಂಡಿರುವ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಭಾರಿ ಹಿಮ ಬರುವುದೆಂದು ಕೇಂದ್ರ ಸರ್ಕಾರದ ಕಚೇರಿಗಳನ್ನೇ ಮುಚ್ಚಿದರು. ಕೆಳಗಿನ ಹವೆಯು ಸಾಕಷ್ಟು ತಣಿಯದೆ ನಗರದಲ್ಲಿ ಬಹುಮಟ್ಟಿಗೆ ಮಳೆಯೇ ಸುರಿಯಿತು. ಪಶ್ಚಿಮದ ಬೆಟ್ಟದ ಕಡೆಗೆ ಮಾತ್ರ ಅಡಿಗೂ ಮೀರಿ ಹಿಮ ನಿಂತಿತು.

ಇವೆರಡಕ್ಕಿಂತಲೂ ಬೋಧಪ್ರದವಾದದ್ದು ೨೦೨೨ರ ಜನವರಿ ೩ರ ಸಂಗತಿ. ಹಿಂದಿನ ದಿನ ಹವೆ ಬೆಚ್ಚಗಿತ್ತು. ಮುನ್ಸೂಚನೆಯಲ್ಲಿ ಮೊದಲು ಮಳೆ, ಬಳಿಕ ಹಿಮ ಎಂದಿತ್ತು. ಮಳೆಯು ತೊಳೆದುಕೊಂಡು ಹೋಗುವುದೆಂಬ ಕಾರಣದಿಂದ ಹೆದ್ದಾರಿಗೆ ಮುಂಚಿತವಾಗಿ ಉಪ್ಪಿನ ನೀರನ್ನು ಸಿಂಪಡಿಸಿರಲಿಲ್ಲ. ಮಳೆಯು ಹಿಮವಾಗಿ ಮಾರ್ಪಟ್ಟು ರಭಸದಿಂದ ಸುರಿದು, ಫ್ರೆಡೆರಿಕ್ಸ್‌ಬರ್ಗ್ ಬಳಿ ಸುಮಾರು ನಲವತ್ತು ಮೈಲಿ ರಸ್ತೆಯಲ್ಲಿ ವಾಹನಗಳು ಸಿಕ್ಕಿಬಿದ್ದವು. ಎಳೆಯ ಮಕ್ಕಳೊಡನೆ ಜನರು ರಾತ್ರಿಯೆಲ್ಲ ಚಳಿಯಲ್ಲಿ ಕುಳಿತರು. ವರ್ಜೀನಿಯದ ಸೆನೆಟ್ ಸದಸ್ಯರೊಬ್ಬರೇ ಸುಮಾರು ೨೭ ಗಂಟೆಗಳ ಕಾಲ ಅಲ್ಲಿ ಕಳೆಯಬೇಕಾಯಿತು. ಇಲ್ಲಿ ಮುನ್ಸೂಚನೆಯು ಸುಳ್ಳಾಗಲಿಲ್ಲವೆಂಬುದನ್ನು ಗಮನಿಸಿರಿ. ಮಳೆಯು ಹಿಮವಾಗುವ ಅಂಚನ್ನು ದಾಟುವ ಗಳಿಗೆಗೆ ಸಿದ್ಧತೆ ಸಾಲದೆ ಹೋಯಿತು, ಅಷ್ಟೆ. ಅಂತಹ ಗಳಿಗೆಯಲ್ಲಿ ‘ನಮ್ಮ ಊರಿನಲ್ಲಿ ಈಗ ತಾನೆ ಹಿಮಕ್ಕೆ ತಿರುಗಿತು’ ಎಂದು ಹೇಳುವ ವೀಕ್ಷಕನ ಒಂದು ಮಾತಿಗೆ ಬೆಲೆ ಕಟ್ಟಲಾಗದು.

ನಮ್ಮ ಅಭಿಪ್ರಾಯವನ್ನು ಈಗ ಹೇಳುತ್ತೇವೆ. ಹವೆಯನ್ನು ನೋಡುವವರಲ್ಲಿ ಎರಡು ಬಗೆಯವರುಂಟು. ಒಬ್ಬನು ತನಗೆ ಬೇಕಾದದ್ದನ್ನು ಆಕಾಶದಲ್ಲಿ ಕಾಣುತ್ತಾನೆ. ಹಿಮವನ್ನು ಬಯಸುವವನಿಗೆ ಪ್ರತಿ ಮೋಡವೂ ಹಿಮದ ಮೋಡವೇ. ಹತ್ತು ಮುನ್ಸೂಚನೆಗಳಲ್ಲಿ ತನ್ನ ಆಸೆಗೆ ಒಪ್ಪುವ ಒಂದನ್ನೇ ಆರಿಸಿಕೊಂಡು ಊರಿಗೆಲ್ಲ ಸಾರುತ್ತಾನೆ. ಇನ್ನೊಬ್ಬನು ‘ಬರಬಹುದು, ಬಾರದಿರಬಹುದು, ಬರುವ ಸಂಭವ ಇಷ್ಟು’ ಎಂದು ಹೇಳಿ, ಮರುದಿನ ಹಲಗೆಯ ಮೇಲೆ ನಿಂತದ್ದನ್ನು ಅಳೆದು, ತಾನು ಹೇಳಿದ್ದು ತಪ್ಪಾಗಿದ್ದರೆ ತಪ್ಪೆಂದೇ ಬರೆಯುತ್ತಾನೆ. ಮೊದಲನೆಯವನಿಗೆ ಕೇಳುವವರು ಹೆಚ್ಚು. ಎರಡನೆಯವನಿಂದ ಉಪಕಾರ ಹೆಚ್ಚು. ಅನಿಶ್ಚಯವಾದದ್ದನ್ನು ಅನಿಶ್ಚಯವೆಂದು ಹೇಳುವುದು ಅಜ್ಞಾನದ ಲಕ್ಷಣವಲ್ಲ, ಪ್ರಾಮಾಣಿಕತೆಯ ಲಕ್ಷಣ.

ಕರ್ಣಾಟಕದ ಬಯಲಿನಲ್ಲಿ ಹಿಮ ಬೀಳುವುದಿಲ್ಲವಾದರೂ ಗಡಿಯ ಹವೆ ನಮಗೂ ಉಂಟು. ಬಿತ್ತನೆಗೆ ಸಾಲುವ ಮಳೆಗೂ ಧೂಳನ್ನು ಅಡಗಿಸುವ ಮಳೆಗೂ ನಡುವಣ ಅಂತರವೇ ನಮ್ಮ ಗಡಿ. ೨೦೨೩ರಲ್ಲಿ ನಮ್ಮ ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸಾರಬೇಕಾಯಿತು. ಬರವನ್ನು ಗೊತ್ತುಮಾಡುವಾಗ ಮಳೆಯ ಕೊರತೆಯನ್ನೂ ಎಡೆಬಿಡದೆ ಒಣಗಿದ ವಾರಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ೨೦೧೬ರಲ್ಲಿ ಜಾರಿಗೆ ಬಂದ ಮರುರಚಿತ ಹವಾಮಾನ ಆಧಾರಿತ ಬೆಳೆ ವಿಮಾ ಯೋಜನೆಯಲ್ಲಿ ಅಡಿಕೆ, ಕರಿಮೆಣಸು ಮುಂತಾದ ಬೆಳೆಗಳಿಗೆ ಪರಿಹಾರವು ತೋಟವನ್ನು ನೋಡಿ ನಿರ್ಣಯವಾಗುವುದಿಲ್ಲ. ಗೊತ್ತಾದ ಮಾಪನಕೇಂದ್ರದ ಅಂಕಿಯನ್ನು ನೋಡಿ ನಿರ್ಣಯವಾಗುತ್ತದೆ. ಆ ಕೇಂದ್ರದ ಮೇಲೆ ಬಿದ್ದ ಮಳೆ ನಿಮ್ಮ ಹೊಲದ ಮೇಲೆ ಬಿದ್ದಿತೋ ಇಲ್ಲವೋ ಎಂಬುದನ್ನು ಹೇಳುವವರು ಯಾರು? ‘ನಮ್ಮ ಕಡೆ ಹನಿಯೂ ಬೀಳಲಿಲ್ಲ’ ಎಂಬ ಬಾಯಿಮಾತು ಕಚೇರಿಯ ಮೇಜಿನ ಮೇಲೆ ನಿಲ್ಲುವುದಿಲ್ಲ. ಹತ್ತು ವರ್ಷ ಎಡೆಬಿಡದೆ ಬರೆದ ಪುಸ್ತಕವಾದರೋ ಸರ್ಕಾರದ ಅಂಕಿಗೆ ಬದಲಾಗದಿದ್ದರೂ, ಮರುಪರಿಶೀಲನೆ ಮಾಡಿರೆಂದು ಕೇಳುವುದಕ್ಕೆ ನೆಲೆಯಾಗುತ್ತದೆ.

ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಒಂದು ಮಳೆಮಾಪಕ, ಒಂದು ಪುಸ್ತಕ, ದಿನಕ್ಕೆ ಐದು ನಿಮಿಷ. ಮಾಪಕವನ್ನು ಬಯಲಿನಲ್ಲಿ, ಸುತ್ತಲಿನ ಮರ ಗೋಡೆಗಳಿಂದ ಅವುಗಳ ಎತ್ತರದ ಎರಡರಷ್ಟಾದರೂ ದೂರದಲ್ಲಿ, ಬಾಯಿ ಸಮವಾಗಿರುವಂತೆ ನೆಡಬೇಕು. ಬೆಳಗ್ಗೆ ೮-೩೦ಕ್ಕೆ, ಅಂದರೆ ನಮ್ಮ ದೇಶದ ಮಾಪನಕೇಂದ್ರಗಳಲ್ಲಿ ದಿನದ ಮಳೆಯನ್ನು ಗುರುತಿಸುವ ಹೊತ್ತಿಗೆ ಸರಿಯಾಗಿ, ನೋಡಿ ಬರೆಯಬೇಕು. ೨.೫ ಮಿಲಿಮೀಟರಿಗೆ ಕಡಮೆಯಾದರೆ ಅದು ಲೆಕ್ಕದಲ್ಲಿ ಮಳೆಯ ದಿನವೆನಿಸದು. ಆದರೂ ಬಿದ್ದಷ್ಟನ್ನು ಬರೆಯಬೇಕು. ಬೀಳದಿದ್ದರೆ ಸೊನ್ನೆಯನ್ನು ಬರೆಯಬೇಕು. ಪಕ್ಕದ ಅಂಕಣದಲ್ಲಿ, ಹಿಂದಿನ ದಿನ ಪಂಚಾಂಗವೂ ಇಲಾಖೆಯ ಮುನ್ಸೂಚನೆಯೂ ಊರಿನ ಹಿರಿಯರೂ ಏನು ಹೇಳಿದ್ದರೆಂಬುದನ್ನು ಬರೆದರೆ ಯಾರ ಮಾತು ಎಷ್ಟು ಸಲ ನಿಂತಿತೆಂಬುದು ಕೆಲವು ವರ್ಷಗಳಲ್ಲಿ ತಾನಾಗಿಯೇ ತಿಳಿದುಬರುವುದು. ಊರಿನ ಶಾಲೆಯ ಮಕ್ಕಳಿಗೆ ಈ ಕೆಲಸವನ್ನು ಕಲಿಸಿದರೆ ಲೆಕ್ಕವೂ ಬಂದೀತು, ಋತುಜ್ಞಾನವೂ ಬಂದೀತು.

ಗ್ರಾಮದ ಮುಖಂಡರಲ್ಲಿ ನಮ್ಮ ಬಿನ್ನಹವಿಷ್ಟೆ. ದೊಡ್ಡ ಮಳೆ ಬಂದ ದಿನ ಪ್ರಾರಂಭಿಸೋಣವೆಂದು ಕಾಯಬೇಡಿರಿ. ನಾಳೆ ಬೆಳಗ್ಗೆ ಎಂಟೂವರೆಗೆ ಮಾಪಕವನ್ನು ನೋಡಿರಿ. ಅದು ಒಣಗಿದ್ದರೆ ಪುಸ್ತಕದ ಮೊದಲನೆಯ ಸಾಲಿನಲ್ಲಿ ತಾರೀಖನ್ನು ಬರೆದು ಅದರ ಮುಂದೆ ಒಂದು ಸೊನ್ನೆಯನ್ನು ಬರೆಯಿರಿ. ಮಳೆ ಬಂದೀತು, ಬಾರದಿದ್ದೀತು, ಬರೆದದ್ದು ಉಳಿಯುವುದು.